ಏಳು ಸುತ್ತಿನ ಕೋಟೆ ಬಿದ್ದುದೇಕೆ?



ನಮ್ಮ ಸೆಂಟ್ರಲ್ ರೈಲ್ವೆ ನಿಲ್ದಾಣದ ಪಕ್ಕದಿಂದ ಉತ್ತರಕ್ಕೆ ಹೊರಡುವ ಒಂದು ರಸ್ತೆಯುಂಟು. ಸರ್ಕಾರದ ಫಲಕದಲ್ಲಿ ಅದಕ್ಕೆ ವ. ಉ. ಚಿದಂಬರನಾರ್ ಅವರ ಹೆಸರಿದೆ. ಆದರೆ ಬಸ್ಸಿನವರು, ಆಟೋದವರು, ಅಂಗಡಿಯವರು ಎಲ್ಲರೂ ಅದನ್ನು ಇಂದಿಗೂ ವಾಲ್‌ಟ್ಯಾಕ್ಸ್ ರೋಡ್ ಎಂದೇ ಕರೆಯುತ್ತಾರೆ. ವಾಲ್ ಎಂದರೆ ಗೋಡೆ, ಟ್ಯಾಕ್ಸ್ ಎಂದರೆ ತೆರಿಗೆ. ಗೋಡೆಗೂ ತೆರಿಗೆಗೂ ಈ ರಸ್ತೆಗೂ ಏನು ಸಂಬಂಧ? ನಿಮ್ಮಲ್ಲಿ ಹಲವರು ದಿನವೂ ಆ ದಾರಿಯಲ್ಲಿ ಬರುವವರು. ಆದರೂ ಈ ಪ್ರಶ್ನೆಯನ್ನು ನೀವು ಕೇಳಿಕೊಂಡಿರಲಾರಿರಿ.

ಹದಿನೆಂಟನೆಯ ಶತಮಾನದಲ್ಲಿ ಇಂಗ್ಲಿಷರು ಕಡಲ ದಂಡೆಯ ಸೇಂಟ್ ಜಾರ್ಜ್ ಕೋಟೆಯೊಳಗೆ ವಾಸವಾಗಿದ್ದರು. ಕೋಟೆಯ ಹೊರಗೆ, ಉತ್ತರ ದಿಕ್ಕಿನಲ್ಲಿ, ವರ್ತಕರೂ ನೇಕಾರರೂ ಕೂಲಿಕಾರರೂ ಇದ್ದ ದೊಡ್ಡ ಪೇಟೆಯಿತ್ತು. ಇಂದು ಜಾರ್ಜ್‌ಟೌನ್ ಎನ್ನುವುದು ಅದನ್ನೇ. ೧೭೫೮-೫೯ರ ಮುತ್ತಿಗೆಯಲ್ಲಿ ಫ್ರೆಂಚರು ಈ ಪೇಟೆಗೆ ನುಗ್ಗಿದರು. ಹತ್ತು ವರ್ಷಗಳ ತರುವಾಯ, ೧೭೬೯ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ, ಮೈಸೂರಿನ ಹೈದರಾಲಿಯು ತನ್ನ ಕುದುರೆ ದಂಡಿನೊಡನೆ ಚೆನ್ನಪಟ್ಟಣದ ಬಾಗಿಲಿಗೇ ಬಂದು ನಿಂತನು. ಇಂಗ್ಲಿಷರು ತಲ್ಲಣಿಸಿ, ಏಪ್ರಿಲ್ ತಿಂಗಳ ಆರಂಭದಲ್ಲಿ ಅವನೊಡನೆ ಕೌಲು ಮಾಡಿಕೊಂಡರು. ಆಮೇಲೆ ತಡಮಾಡದೆ ಪೇಟೆಯ ಪಶ್ಚಿಮಕ್ಕೂ ಉತ್ತರಕ್ಕೂ ಬಲವಾದ ಗೋಡೆಯನ್ನು ಕಟ್ಟಿಸಿದರು. ಅದರ ಖರ್ಚಿಗಾಗಿ ಜನರ ಮೇಲೆ ಒಂದು ತೆರಿಗೆ ಹಾಕಬೇಕೆಂದು ಯೋಚನೆಯಾಯಿತು. ತೆರಿಗೆ ಕೈಗೂಡಲಿಲ್ಲ, ಹೆಸರು ಮಾತ್ರ ರಸ್ತೆಗೆ ಅಂಟಿಕೊಂಡಿತು. ಗೋಡೆಯನ್ನೂ ಮುಂದೆ ಕೆಡವಿಬಿಟ್ಟರು. ಹಳೆಯ ವಣ್ಣಾರಪೇಟೆಯ ಕಡೆ ಮಾಡಿ ಪೂಂಗಾ ಎಂಬ ಸಣ್ಣ ಉದ್ಯಾನದಲ್ಲಿ ಅದರ ಒಂದು ತುಂಡು ಈಗಲೂ ಉಳಿದಿದೆ.

ಹೈದರನ ಭಯದಿಂದ ಈ ಊರು ಹೀಗೆ ಗೋಡೆ ಕಟ್ಟಿಕೊಂಡಿತು. ಅದಾದ ಹತ್ತೇ ವರ್ಷಗಳಲ್ಲಿ, ೧೭೭೯ರಲ್ಲಿ, ಅದೇ ಹೈದರನ ಕೈಗೆ ಏಳು ಸುತ್ತು ಗೋಡೆಗಳುಳ್ಳ ಇನ್ನೊಂದು ಊರು ಸಿಕ್ಕಿತು. ಅದು ಇಲ್ಲಿಂದ ಸುಮಾರು ೫೫೦ ಕಿಲೋಮೀಟರು ದೂರದಲ್ಲಿರುವ, ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲಿನ ನಮ್ಮ ಚಿತ್ರದುರ್ಗ. ಈ ಪಾಠವನ್ನು ಹೇಳಿದ ದಿನ ತರಗತಿಯಲ್ಲಿ ಒಬ್ಬ ಹುಡುಗನು ಎದ್ದು ನಿಂತು, "ಒಂದು ಗೋಡೆ ಸಾಲದೆಂದು ಏಳು ಗೋಡೆ ಕಟ್ಟಿದರಲ್ಲ, ಆದರೂ ದುರ್ಗ ಬಿದ್ದುದೇಕೆ?" ಎಂದು ಕೇಳಿದನು. ಗಂಟೆ ಹೊಡೆದುದರಿಂದ ಅಂದು ಉತ್ತರ ಹೇಳಲಾಗಲಿಲ್ಲ. ಆ ಉತ್ತರವೇ ಈ ಲೇಖನ.

ಊರು ಬೆಳೆದ ಬಗೆ

ಚಿತ್ರದುರ್ಗವು ಒಬ್ಬ ಅರಸನು ಒಂದು ಕಾಲದಲ್ಲಿ ಕಟ್ಟಿಸಿದ ಊರಲ್ಲ. ಕೋಟೆ ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ಅಲ್ಲಿ ಜನರು ನೆಲೆಸಿದ್ದರು. ಬೆಟ್ಟಗಳ ಪಶ್ಚಿಮದ ಮಗ್ಗುಲಲ್ಲಿ ಚಂದ್ರವಳ್ಳಿ ಎಂಬ ಕಣಿವೆಯಿದೆ. ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ೧೯೨೮-೨೯ರ ಸುಮಾರಿಗೂ, ಮಾರ್ಟಿಮರ್ ವ್ಹೀಲರ್ ಎಂಬ ವಿದ್ವಾಂಸರು ೧೯೪೭ರಲ್ಲೂ ಅಲ್ಲಿ ನೆಲವನ್ನು ಅಗೆದು ನೋಡಿದರು. ಶಾತವಾಹನರ ಕಾಲದ ನಾಣ್ಯಗಳೂ ಮಣ್ಣಿನ ಪಾತ್ರೆಗಳೂ ದೊರೆತುವು. ಅದೇ ಕಣಿವೆಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ವಂಶದ ಮೂಲಪುರುಷನಾದ ಮಯೂರಶರ್ಮನ ಪ್ರಾಕೃತ ಶಾಸನವೊಂದಿದೆ. ಆ ಶಾಸನವು ಹೇಳುವುದು ಕೋಟೆಯ ಮಾತನ್ನಲ್ಲ, ಕೆರೆಯ ಮಾತನ್ನು. ಈ ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುವುದು.

ತರುವಾಯ ಆ ಪ್ರದೇಶವು ಚಾಲುಕ್ಯರ, ಹೊಯ್ಸಳರ, ವಿಜಯನಗರದ ಅರಸರ ಆಳ್ವಿಕೆಗೆ ಒಳಪಟ್ಟಿತು. ಹೊಯ್ಸಳರ ಕಾಲದ ಶಾಸನಗಳಲ್ಲಿ ಊರಿನ ಹೆಸರು ಬೆಮ್ಮತ್ತನೂರು ಎಂದು ಬರುತ್ತದೆ. ಮಧ್ಯಯುಗದ ಈ ಅರಸರ ಕಾಲದಲ್ಲಿ ಬೆಟ್ಟದ ಮೇಲೆ ಗುಡಿಗಳೂ ಕಾವಲು ನೆಲೆಗಳೂ ಒಂದೊಂದಾಗಿ ಎದ್ದವು. ಮೇಲುದುರ್ಗದಲ್ಲಿ ಹಲವು ದೇವಾಲಯಗಳಿವೆ. ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಗೋಪಾಲಕೃಷ್ಣ ಇವು ಪ್ರಸಿದ್ಧವಾದುವು. ಭೀಮನು ಹಿಡಿಂಬನನ್ನು ಕೊಂದುದು ಇಲ್ಲಿಯೇ ಎಂದು ಊರವರು ಹೇಳುವರು. ಅದು ಪುರಾಣದ ಮಾತು. ಆದರೆ ಆ ಬಂಡೆಗಳ ಗಾತ್ರವನ್ನು ಕಣ್ಣಾರೆ ಕಂಡವರಿಗೆ ರಾಕ್ಷಸನ ಕಥೆ ಏಕೆ ಹುಟ್ಟಿತೆಂಬುದು ತಾನಾಗಿಯೇ ತಿಳಿಯುವುದು.

ವಿಜಯನಗರದ ಅಧೀನದಲ್ಲಿ ಆ ಸೀಮೆಯನ್ನು ಕಾಯುತ್ತಿದ್ದವರು ಕಾಮಗೇತಿ ವಂಶದ ಬೇಡ ನಾಯಕರು. ೧೫೬೫ರ ರಕ್ಕಸತಂಗಡಿಯ ಯುದ್ಧದಲ್ಲಿ ವಿಜಯನಗರವು ಸೋತ ಮೇಲೆ ದೊಡ್ಡ ಮರವುರುಳಿದಾಗ ಬಿಳಲುಗಳೇ ಬೇರೂರಿ ನಿಲ್ಲುವಂತೆ ನಾಯಕರೆಲ್ಲರೂ ತಮ್ಮ ತಮ್ಮ ನೆಲದಲ್ಲಿ ಸ್ವತಂತ್ರರಾಗತೊಡಗಿದರು. ೧೫೬೮ರಿಂದ ತಿಮ್ಮಣ್ಣ ನಾಯಕನ ಆಳ್ವಿಕೆಯನ್ನು ಲೆಕ್ಕ ಹಾಕುವುದು ವಾಡಿಕೆ. ಅಂದಿನಿಂದ ೧೭೭೯ರವರೆಗೆ ಇನ್ನೂರು ವರ್ಷಗಳಿಗೂ ಮೀರಿ ಈ ವಂಶವು ದುರ್ಗವನ್ನಾಳಿತು. ಕಸ್ತೂರಿ ರಂಗಪ್ಪ, ಭರಮಣ್ಣ, ಮದಕರಿ ಎಂಬ ಹೆಸರುಗಳು ಆ ನಾಡಿನಲ್ಲಿ ಇಂದಿಗೂ ಮನೆಮನೆಯ ಹೆಸರುಗಳು. ನಾವು ಇಂದು ಕಾಣುವ ಕೋಟೆಯ ಬಹುಭಾಗವನ್ನು ಬಲಪಡಿಸಿದವರು ಇವರೇ.

ಕಲ್ಲು

ದುರ್ಗದ ಬೆಟ್ಟಗಳು ಗ್ರಾನೈಟ್ ಶಿಲೆಯವು. ಭೂಮಿಯ ಶಿಲೆಗಳಲ್ಲಿ ಇವು ಬಹಳ ಹಳೆಯವು; ಇವುಗಳ ವಯಸ್ಸು ೨೫೦ ಕೋಟಿ ವರ್ಷಗಳಿಗೂ ಮಿಗಿಲು. ಬಿಸಿಲು ಮಳೆಗಳಿಗೆ ಸವೆದು ಸೀಳಿ ಒಂದರ ಮೇಲೊಂದು ಕುಳಿತ ದೈತ್ಯ ಬಂಡೆಗಳ ನಡುವೆ ಸಂದುಗಳೂ ಗವಿಗಳೂ ಆಗಿವೆ. ಕೋಟೆ ಕಟ್ಟಿದವರು ಬೆಟ್ಟದೊಡನೆ ಹೋರಾಡಲಿಲ್ಲ. ಬೆಟ್ಟವನ್ನೇ ಜೊತೆಗಾರನನ್ನಾಗಿ ಮಾಡಿಕೊಂಡರು. ಬಂಡೆ ತಾನೇ ಗೋಡೆಯಾಗಿ ನಿಂತಲ್ಲಿ ಸುಮ್ಮನಾದರು. ಬಂಡೆಗೂ ಬಂಡೆಗೂ ನಡುವೆ ತೆರವಿದ್ದಲ್ಲಿ ಗೋಡೆಯನ್ನೆಬ್ಬಿಸಿದರು. ಬಂಡೆಯ ಮೈಮೇಲೆ ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು, ನೇರವಾಗಿ ಸೀಳಿ ಚಪ್ಪಡಿಗಳನ್ನು ತೆಗೆದರು. ಆ ಕುಳಿಗಳ ಸಾಲುಗಳನ್ನು ಇಂದಿಗೂ ಕಾಣಬಹುದು. ಗಾರೆಯಿಲ್ಲದೆಯೇ ಕಲ್ಲಿಗೆ ಕಲ್ಲು ಕಚ್ಚಿ ನಿಂತಿರುವ ಗೋಡೆಗಳೂ ಅಲ್ಲಿವೆ.

ಕೋಟೆಗೆ ಏಳು ಸುತ್ತು. ಹೊರಗಿನ ಸುತ್ತುಗಳು ನೆಲದ ಮೇಲೆ ಊರನ್ನೂ ಒಳಗೊಂಡು ಸಾಗುತ್ತಿದ್ದುವು, ಒಳಗಿನವು ಬೆಟ್ಟವನ್ನೇರುವುವು. ಆದುದರಿಂದ ಇದು ಅರಸನೊಬ್ಬನ ಅಡಗುದಾಣವಲ್ಲ, ಗೋಡೆಯೊಳಗಿನ ಪಟ್ಟಣ. ಸಂತೆಯೂ ಗುಡಿಯೂ ಮಠವೂ ಮನೆಗಳೂ ಆ ಗೋಡೆಗಳ ಮಡಿಲಿನಲ್ಲಿದ್ದುವು. ಕೆಳಗಿನ ಕೋಟೆಯ ಬಾಗಿಲುಗಳಿಗೆ ರಂಗಯ್ಯನ ಬಾಗಿಲು, ಸಿದ್ದಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂದು ಹೆಸರು. ಒಟ್ಟಿನಲ್ಲಿ ೧೯ ಹೆಬ್ಬಾಗಿಲುಗಳು, ೩೮ ದಿಡ್ಡಿ ಬಾಗಿಲುಗಳು, ೩೫ ಕಳ್ಳಗಂಡಿಗಳು ಎಂದು ಲೆಕ್ಕ ಹೇಳುವುದುಂಟು.

ಹೆಬ್ಬಾಗಿಲನ್ನು ದಾಟಿದವನಿಗೆ ಎದುರಾಗುವುದು ನೇರವಾದ ದಾರಿಯಲ್ಲ. ದಾರಿಯು ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ಮತ್ತೆ ಗೋಡೆಗೆ ಮುಖಮಾಡುವುದು. ಇದು ಕಟ್ಟುವವರ ತಪ್ಪಲ್ಲ. ಬಾಗಿಲನ್ನು ಒಡೆಯಲು ಶತ್ರುಗಳು ಆನೆಯನ್ನು ತರುತ್ತಿದ್ದರು. ಆನೆಗೆ ಬಲ ಬರುವುದು ಓಡಿ ಬಂದಾಗ; ತಿರುವಿನಲ್ಲಿ ಅದು ಓಡಲಾರದು. ಅಂತೆಯೇ ಮುರಿದ ಮರದ ದಿಮ್ಮಿಯನ್ನು ಹೊತ್ತು ಬರುವ ಜನರಿಗೂ ಆ ತಿರುವಿನಲ್ಲಿ ಎಡೆ ಸಾಲದು. ಅವರು ಅಲ್ಲಿ ತಡವರಿಸುತ್ತಿರುವಾಗ ಮೇಲಿನ ಗೋಡೆಗಳಿಂದ ಕಲ್ಲು ಬಾಣಗಳ ಮಳೆ ಸುರಿಯುವುದು. ಕೊತ್ತಳಗಳ ಮೇಲೆ ತೋಪುಗಳಿರುತ್ತಿದ್ದುವು. ಆ ಸ್ಥಳಗಳನ್ನು ಜನರು ಬತೇರಿ ಎನ್ನುತ್ತಾರೆ. ಕೆಳಕೋಟೆಯಲ್ಲಿ ಒಂದು ಹೊಂಡದೊಳಗೆ ಮದ್ದನ್ನು ಬೀಸುವ ನಾಲ್ಕು ಭಾರಿ ಬೀಸುಗಲ್ಲುಗಳಿವೆ. ಮನುಷ್ಯರ ಕೈಯಿಂದ ತಿರುಗುವಂಥವಲ್ಲ. ಪ್ರಾಣಿಗಳನ್ನು ಕಟ್ಟಿ ತಿರುಗಿಸಬೇಕಾದುವು. ಧಾನ್ಯದ ಕಣಜಗಳು, ಎಣ್ಣೆಯ ಕೊಳಗಳು, ಟಂಕಸಾಲೆ ಇವೆಲ್ಲವೂ ಕೋಟೆಯೊಳಗೇ ಇದ್ದುವು. ತಿಂಗಳುಗಟ್ಟಲೆ ಬಾಗಿಲು ಮುಚ್ಚಿದರೂ ಒಳಗಿನ ಬಾಳು ಸಾಗಬೇಕೆಂಬುದು ಇದರ ಉದ್ದೇಶ.

ನೀರು

ಕಲ್ಲಿನಿಂದ ಶತ್ರುವನ್ನು ತಡೆಯಬಹುದು, ಬಾಯಾರಿಕೆಯನ್ನು ತಡೆಯಲಾಗದು. ಎಷ್ಟೋ ಕೋಟೆಗಳು ತೋಪಿನಿಂದ ಬೀಳಲಿಲ್ಲ, ಬಾವಿ ಬತ್ತಿದುದರಿಂದ ಬಿದ್ದುವು. ಚಿತ್ರದುರ್ಗದ ಸೀಮೆಯು ಮೊದಲಿನಿಂದಲೂ ಒಣನಾಡು. ಅಲ್ಲಿ ವರ್ಷದಲ್ಲಿ ಬೀಳುವ ಮಳೆ ಸುಮಾರು ೬೦೦ ಮಿಲಿಮೀಟರಿನ ಆಸುಪಾಸು. ನಮ್ಮ ಚೆನ್ನೈಯಲ್ಲಿ ಬೀಳುವುದು ಅದರ ಎರಡರಷ್ಟಕ್ಕಿಂತಲೂ ಹೆಚ್ಚು, ಸುಮಾರು ೧೪೦೦ ಮಿಲಿಮೀಟರು. ಹಾಗಾದರೆ ಬೆಟ್ಟದ ತುದಿಯಲ್ಲಿದ್ದ ಆ ಜನರು ಏನು ಕುಡಿದರು?

ಬಂಡೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಹರಿದು ಹೋಗುತ್ತದೆ. ಹೊಲಕ್ಕೆ ಅದು ನಷ್ಟ. ಹೊಂಡಕ್ಕೆ ಅದೇ ಲಾಭ. ದುರ್ಗದವರು ಬೆಟ್ಟದ ಮೇಲೆ ಬಂಡೆಗಳ ನಡುವಿನ ತಗ್ಗುಗಳಿಗೆ ಕಟ್ಟೆ ಹಾಕಿ ಹರಿವ ನೀರನ್ನು ಹಿಡಿದರು. ಮೇಲೆ ಗೋಪಾಲಸ್ವಾಮಿ ಹೊಂಡವಿದೆ. ಅದು ತುಂಬಿ ಕೋಡಿ ಬಿದ್ದ ನೀರು ಕೆಳಗಿನ ಅಕ್ಕತಂಗಿಯರ ಹೊಂಡಕ್ಕೆ ಇಳಿಯುವುದು. ಅಲ್ಲಿಂದ ಮಿಕ್ಕ ನೀರು ಸಿಹಿನೀರು ಹೊಂಡಕ್ಕೂ, ಪೇಟೆಯ ಸಂತೆಹೊಂಡಕ್ಕೂ ಬರುವುದು. ಮೇಲಿನವರು ಹಿಡಿದು ಮಿಕ್ಕುದನ್ನು ಕೆಳಗಿನವರಿಗೆ ಬಿಡಬೇಕು. ಮೇಲಿನ ಹೊಂಡವನ್ನು ಹೊಲಸು ಮಾಡಿದರೆ ಕೆಳಗಿನ ಹೊಂಡಗಳೂ ಕೆಡುವುವು. ಚಂದ್ರವಳ್ಳಿಯ ಬಂಡೆಯ ಮೇಲೆ ಮಯೂರಶರ್ಮನ ಕಾಲದವರು ಕೆತ್ತಿಸಿದ ಕೆರೆಯ ಮಾತು ಈಗ ನಿಮಗೆ ನೆನಪಾಗಬೇಕು. ಸಾವಿರ ವರ್ಷಗಳ ಅಂತರವಿದ್ದರೂ ಆ ನೆಲದವರಿಗೆ ಮೊದಲ ಚಿಂತೆ ಒಂದೇ ಆಗಿತ್ತು.

ಈ ಮಾತು ನಮ್ಮ ಊರಿಗೂ ಸಲ್ಲುತ್ತದೆ. ಜಾರ್ಜ್‌ಟೌನಿನಲ್ಲಿ ಏಳು ಕಿಣರು ಎಂಬ ಬಡಾವಣೆಯುಂಟು. ಕಿಣರು ಎಂದರೆ ಬಾವಿ ಎಂಬುದು ತಮಿಳು ನೆರೆಯಲ್ಲಿ ಬೆಳೆದ ನಿಮಗೆ ಹೇಳಬೇಕಾಗಿಲ್ಲ. ಪೇಟೆಯ ಗೋಡೆ ಏಳುತ್ತಿದ್ದ ವರ್ಷಗಳಲ್ಲಿಯೇ, ೧೭೭೨ರಲ್ಲಿ, ಸೇಂಟ್ ಜಾರ್ಜ್ ಕೋಟೆಗೆ ನೀರೊದಗಿಸಲೆಂದು ಅಲ್ಲಿ ಬಾವಿಗಳ ಏರ್ಪಾಡಾಯಿತು. ಗೋಡೆ ಕಟ್ಟಿದವರಿಗೆ ಬಾವಿಯೂ ಬೇಕಾಯಿತು. ಗೋಡೆ ಹೋಗಿ ಎಷ್ಟೋ ಕಾಲವಾಯಿತು. ನೀರಿನ ಚಿಂತೆ ಮಾತ್ರ ಹೋಗಲಿಲ್ಲ. ೨೦೦೩ರಲ್ಲಿ ತಮಿಳುನಾಡು ಸರ್ಕಾರವು ಮನೆಮನೆಯಲ್ಲೂ ಮಳೆನೀರನ್ನು ಹಿಡಿಯಬೇಕೆಂದು ಕಾನೂನು ಮಾಡಿತು. ಆದರೂ ೨೦೧೯ರ ಬೇಸಗೆಯಲ್ಲಿ ನಮ್ಮ ಜಲಾಶಯಗಳು ಬರಿದಾಗಿ, ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಹೆಚ್ಚು ಮಳೆಯುಳ್ಳ ಊರು ಬಾಯಾರಿತು. ಕಡಿಮೆ ಮಳೆಯುಳ್ಳ ಬೆಟ್ಟವು ಮುತ್ತಿಗೆಗಳನ್ನು ತಾಳಿಕೊಂಡಿತು. ಬೀಳುವ ಮಳೆಗಿಂತ ಹಿಡಿದಿಡುವ ಎಚ್ಚರವು ದೊಡ್ಡದು.

ಕಾವಲು

ಕಲ್ಲೂ ನೀರೂ ಇದ್ದರೆ ಕೋಟೆ ಪೂರ್ಣವಾಯಿತೆ? ಇಲ್ಲ. ಕೋಟೆಗೆ ಬಾಗಿಲು ಬೇಕು. ಒಳಗಿನವರು ಹೊಲಕ್ಕೆ ಹೋಗಬೇಕು, ಹೊರಗಿನವರು ಸಂತೆಗೆ ಬರಬೇಕು. ತೆರೆದ ಬಾಗಿಲಿಗೆ ಕಣ್ಣುಳ್ಳ ಕಾವಲುಗಾರನು ಬೇಕು. ಪ್ರಪಂಚದ ಬೇರೆ ಭಾಗಗಳಲ್ಲೂ ಹೀಗೆಯೇ. ಕಾನ್‌ಸ್ಟಾಂಟಿನೋಪಲ್ ಪಟ್ಟಣದ ಮುಮ್ಮಡಿ ಗೋಡೆಗಳು ಸಾವಿರ ವರ್ಷ ಶತ್ರುಗಳನ್ನು ತಡೆದುವು. ೧೪೫೩ರಲ್ಲಿ ತುರ್ಕರ ದೊಡ್ಡ ತೋಪುಗಳ ಎದುರು ಅದು ಬಿದ್ದಾಗ, ಮುಚ್ಚದೆ ಬಿಟ್ಟ ಒಂದು ಸಣ್ಣ ದಿಡ್ಡಿಯ ಮೂಲಕವೂ ಶತ್ರುಗಳು ಒಳಬಂದರೆಂದು ಆ ಕಾಲದ ಒಬ್ಬ ಗ್ರೀಕ್ ಇತಿಹಾಸಕಾರನು ಬರೆದಿದ್ದಾನೆ. ದೊಡ್ಡ ಕೋಟೆಗಳ ಕಥೆಯಲ್ಲಿ ಸಣ್ಣ ಕಿಂಡಿಗಳಿಗೆ ಬಹಳ ಸ್ಥಾನವುಂಟು.

ಚಿತ್ರದುರ್ಗದ ಕಿಂಡಿಯ ಕಥೆ ನಿಮಗೆಲ್ಲರಿಗೂ ಗೊತ್ತು. ಹೈದರನ ದಂಡು ಮುತ್ತಿಗೆ ಹಾಕಿತ್ತು. ಬಂಡೆಗಳ ನಡುವೆ, ಒಬ್ಬೊಬ್ಬರೇ ತೆವಳಿ ಬರಬಹುದಾದ ಒಂದು ಸಂದು ಶತ್ರುಗಳ ಕಣ್ಣಿಗೆ ಬಿತ್ತು. ಆ ಕಡೆಯ ಕಾವಲುಗಾರನಾದ ಮುದ್ದಹನುಮನು ಮಧ್ಯಾಹ್ನದ ಊಟಕ್ಕೆ ಬಂದಿದ್ದನು. ಅವನ ಹೆಂಡತಿ ಓಬವ್ವನು ಹತ್ತಿರದ ತಣ್ಣೀರು ದೋಣಿಗೆ ನೀರು ತರಲು ಹೋದಳು. ಸಂದಿನಲ್ಲಿ ಸದ್ದು ಕೇಳಿತು. ಗಂಡನನ್ನು ಕರೆಯಲು ಹೊತ್ತಿರಲಿಲ್ಲ. ಬಹುಶಃ ಊಟದ ನಡುವೆ ಎಬ್ಬಿಸಲು ಮನಸ್ಸೂ ಇರಲಿಲ್ಲ. ಬತ್ತ ಕುಟ್ಟುವ ಒನಕೆಯನ್ನು ಹಿಡಿದು ನಿಂತು, ತಲೆ ಹೊರಗಿಟ್ಟವನನ್ನು ಹೊಡೆದು, ಹೆಣವನ್ನು ಎಳೆದುಹಾಕಿ, ಮುಂದಿನವನಿಗಾಗಿ ಕಾದಳು. ಊಟ ಮುಗಿಸಿ ಬಂದ ಗಂಡನು ಅದನ್ನು ಕಂಡು ಕಹಳೆಯೂದಿದನು, ಕೋಟೆ ಎಚ್ಚತ್ತಿತು. ಆ ದಿನವೇ ಓಬವ್ವನೂ ಪ್ರಾಣಬಿಟ್ಟಳೆಂದು ಕಥೆಯು ಹೇಳುತ್ತದೆ.

ಇತಿಹಾಸವನ್ನು ಓದುವ ನೀವು ಇಲ್ಲಿ ಒಂದು ವಿವೇಕವನ್ನು ಕಲಿಯಬೇಕು. ಮಯೂರಶರ್ಮನ ಕೆರೆಯ ವಿಷಯ ನಮಗೆ ತಿಳಿದುದು ಶಾಸನದಿಂದ. ಹೈದರನ ಮುತ್ತಿಗೆಯ ವಿಷಯ ತಿಳಿದುದು ಲಿಖಿತ ಚರಿತ್ರೆಯಿಂದ. ಓಬವ್ವನ ವಿಷಯ ತಿಳಿದುದು ಜನರ ಬಾಯಿಯಿಂದ. ಪರೀಕ್ಷೆಯಲ್ಲಿ ಬರೆಯುವಾಗ ಈ ಮೂರನ್ನೂ ಒಂದೇ ಸೇರಿನಲ್ಲಿ ಅಳೆಯಬೇಡಿ. ಹಾಗೆಂದು ಮೂರನೆಯದನ್ನು ಹಗುರವೆಂದು ತಿಳಿಯಲೂ ಬೇಡಿ. ಶಾಸನ ಹಾಕಿಸುವ ಶಕ್ತಿ ಅರಸರಿಗಿತ್ತು. ಕಾವಲುಗಾರನ ಹೆಂಡತಿಗೆ ಕಲ್ಲಿನ ಮೇಲೆ ಹೆಸರು ಕೆತ್ತಿಸುವವರು ಯಾರು? ಅವಳ ನೆರೆಹೊರೆಯವರಿಗೆ ಇದ್ದುದು ನಾಲಗೆಯೊಂದೇ. ಅವರು ಹೇಳುತ್ತ ಬಂದರು. ಆ ಸಂದಿಗೆ ಇಂದಿಗೂ ಓಬವ್ವನ ಕಿಂಡಿಯೆಂದೇ ಹೆಸರು. ೧೯೭೨ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ನಾಗರಹಾವು ಚಲನಚಿತ್ರದ ಮೂಲಕ ಆ ಕಥೆ ಕನ್ನಡ ನಾಡಿನ ಮೂಲೆಮೂಲೆಗೂ ಹೋಯಿತು. ೨೦೨೧ರಿಂದ ಕರ್ನಾಟಕ ಸರ್ಕಾರವು ನವೆಂಬರ್ ೧೧ನೆಯ ದಿನವನ್ನು ಓಬವ್ವನ ಜಯಂತಿಯಾಗಿ ಆಚರಿಸುತ್ತಿದೆ.

ಕೋಟೆ ಬಿದ್ದ ಬಗೆ

ಈಗ ಆ ಹುಡುಗನ ಪ್ರಶ್ನೆಗೆ ಬರೋಣ. ಹೈದರಾಲಿಯು ದೂರದೇಶದಿಂದ ಬಂದವನಲ್ಲ. ಕೋಲಾರ ಸೀಮೆಯ ಬೂದಿಕೋಟೆಯಲ್ಲಿ ಹುಟ್ಟಿದವನು. ಸಾಮಾನ್ಯ ಸೈನಿಕನ ಸ್ಥಿತಿಯಿಂದ ಮೇಲೆ ಬಂದು ಮೈಸೂರು ರಾಜ್ಯದ ಅಧಿಕಾರವನ್ನು ಕೈಗೆ ತೆಗೆದುಕೊಂಡ ಸಮರ್ಥನು. ತನ್ನ ರಾಜ್ಯದ ಉತ್ತರದಲ್ಲಿ, ಮರಾಠರು ಬರುವ ದಾರಿಯಲ್ಲಿ, ಇಂಥ ಬಲವಾದ ಕೋಟೆಯು ಬೇರೊಬ್ಬನ ಕೈಯಲ್ಲಿರುವುದು ಅವನಿಗೆ ಸರಿಬೀಳಲಿಲ್ಲ. ಕೊನೆಯ ಮದಕರಿ ನಾಯಕನಾದರೋ ಒಮ್ಮೆ ಹೈದರನಿಗೆ ಕಪ್ಪ ಕೊಡುವನು, ಒಮ್ಮೆ ಮರಾಠರ ಕಡೆ ನೋಡುವನು. ಎರಡು ದೊಡ್ಡ ಬಲಗಳ ನಡುವೆ ಸಿಕ್ಕಿದ ಸಣ್ಣ ರಾಜ್ಯದ ಸಂಕಟವದು.

೧೭೭೭ರಲ್ಲಿ ಹೈದರನು ದುರ್ಗಕ್ಕೆ ಮುತ್ತಿಗೆ ಹಾಕಿದನು. ತಿಂಗಳುಗಳು ಕಳೆದುವು, ಕೋಟೆ ಜಗ್ಗಲಿಲ್ಲ. ಕೊನೆಗೆ ಹಣದ ಒಪ್ಪಂದ ಮಾಡಿಕೊಂಡು ಅವನು ಹಿಂದಿರುಗಬೇಕಾಯಿತು. ಕಲ್ಲೂ ನೀರೂ ಕಾವಲೂ ತಮ್ಮ ಕೆಲಸವನ್ನು ಮಾಡಿದ್ದುವು. ೧೭೭೯ರಲ್ಲಿ ಅವನು ಮತ್ತೆ ಬಂದನು. ಈ ಸಲ ಕೋಟೆಯು ಅವನ ವಶವಾಯಿತು. ಎರಡು ವರ್ಷಗಳಲ್ಲಿ ಗೋಡೆಗಳು ಕುಗ್ಗಿರಲಿಲ್ಲ, ಹೊಂಡಗಳು ಬತ್ತಿರಲಿಲ್ಲ. ಮತ್ತೇನು ಕೆಟ್ಟಿತು? ಮೈಸೂರಿನ ಚರಿತ್ರೆಯನ್ನು ಬರೆದ ಕರ್ನಲ್ ವಿಲ್ಕ್ಸ್ ಹೇಳುವಂತೆ, ನಾಯಕನ ಸೇವೆಯಲ್ಲಿದ್ದ ಪಡೆಯ ಒಂದು ಭಾಗವನ್ನೇ ಹೈದರನು ಗುಟ್ಟಾಗಿ ತನ್ನ ಕಡೆಗೆ ಒಲಿಸಿಕೊಂಡನು. ಹೊರಗಿನಿಂದ ತೆರೆಯಲಾರದ ಬಾಗಿಲು ಒಳಗಿನಿಂದ ತೆರೆಯಿತು.

ಗೋಡೆಯೆಂಬುದು ಹೊರಗಿನವನನ್ನು ತಡೆಯಬಲ್ಲುದು. ಒಳಗಿರುವವನ ಮನಸ್ಸನ್ನು ಅದು ಕಾಣದು. ಒಳಗಿನವರು ಒಬ್ಬರನ್ನೊಬ್ಬರು ನಂಬಿರುವಷ್ಟು ಕಾಲ ಏಳು ಸುತ್ತೂ ಗಟ್ಟಿ. ನಂಬಿಕೆ ಹೋದ ದಿನ ಎಪ್ಪತ್ತು ಸುತ್ತಿದ್ದರೂ ತೆರವು. ಓಬವ್ವನ ಕಿಂಡಿಯನ್ನು ಒಂದು ಒನಕೆಯಿಂದ ಮುಚ್ಚಬಹುದಾಗಿತ್ತು. ಈ ಕಿಂಡಿಯನ್ನು ಮುಚ್ಚುವ ಒನಕೆ ಯಾರಲ್ಲೂ ಇರಲಿಲ್ಲ.

ಮದಕರಿ ನಾಯಕನನ್ನೂ ಅವನ ಮನೆತನದವರನ್ನೂ ಸೆರೆಯಾಳುಗಳನ್ನಾಗಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದರು. ಪಾಠಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಆದರೆ ಮುಂದಿನ ಸಂಗತಿಯೇ ಹೆಚ್ಚು ಯೋಚನೆಗೆ ತಕ್ಕದ್ದು. ದುರ್ಗದ ಜನರು ಮತ್ತೆ ತಲೆಯೆತ್ತಬಾರದೆಂದು ಹೈದರನು ಸುಮಾರು ೨೦,೦೦೦ ಮಂದಿಯನ್ನು ಊರು ಬಿಡಿಸಿ ಶ್ರೀರಂಗಪಟ್ಟಣದ ದ್ವೀಪದಲ್ಲಿ ನೆಲೆಗೊಳಿಸಿದನು. ತಕ್ಕ ವಯಸ್ಸಿನ ಹುಡುಗರನ್ನು ಆರಿಸಿ, ಅವರ ಮತವನ್ನು ಬದಲಿಸಿ, ಚೇಲಾ ಎಂಬ ಪಡೆಗಳಲ್ಲಿ ಸೇರಿಸಿದನು. ಆ ಹುಡುಗರಲ್ಲಿ ಕೆಲವರು ನಿಮ್ಮ ವಯಸ್ಸಿನವರೇ ಆಗಿದ್ದಿರಬೇಕು. ಹೈದರನು ಗೋಡೆಗಳನ್ನು ಕೆಡವಿಸಲಿಲ್ಲ, ಜನರನ್ನು ಕದಲಿಸಿದನು. ಕೋಟೆಯ ಬಲ ಎಲ್ಲಿದೆಯೆಂಬುದನ್ನು ಅವನು ಚೆನ್ನಾಗಿ ಅರಿತಿದ್ದನು.

ಇಪ್ಪತ್ತು ವರ್ಷಗಳ ಮೇಲೆ, ೧೭೯೯ರಲ್ಲಿ, ಶ್ರೀರಂಗಪಟ್ಟಣವೂ ಇಂಗ್ಲಿಷರ ವಶವಾಯಿತು; ಹೈದರನ ಮಗ ಟಿಪ್ಪುಸುಲ್ತಾನನು ಕಾದಾಡುತ್ತ ಮಡಿದನು. ತೋಪುಗಳ ಬಲ ಹೆಚ್ಚಿದಂತೆ ಕೋಟೆ ಕಟ್ಟುವ ಕಾಲವೇ ಹಿಂದೆ ಸರಿಯಿತು. ಚಿತ್ರದುರ್ಗವು ಇಂದು ಭಾರತದ ಪ್ರಾಚ್ಯವಸ್ತು ಇಲಾಖೆಯ ರಕ್ಷಣೆಯಲ್ಲಿದೆ. ಶಾಲಾಮಕ್ಕಳು ಸಾಲಾಗಿ ಬಂದು ಹತ್ತಿಳಿಯುತ್ತಾರೆ.

ಉಳಿದುದೇನು?

ಇಷ್ಟನ್ನು ಹೇಳಿದಾಗ ಇನ್ನೊಬ್ಬ ಹುಡುಗಿಯು, "ಹಾಗಾದರೆ ಊರು ಬಿಟ್ಟವರಿಗೆ ಏನೂ ಉಳಿಯಲಿಲ್ಲವೆ?" ಎಂದು ಕೇಳಿದಳು. ಆ ಪ್ರಶ್ನೆಗೆ ನಾನು ಒಡನೆಯೇ ಉತ್ತರಿಸಲಾರದೆ ಹೋದೆನು. ನಾನೂ ಊರು ಬಿಟ್ಟು ಬಂದವನು. ನಿಮ್ಮ ತಂದೆತಾಯಿಗಳಲ್ಲಿ ಬಹುಮಂದಿ ಊರು ಬಿಟ್ಟು ಬಂದವರು. ನಮ್ಮನ್ನು ಯಾರೂ ಅಟ್ಟಲಿಲ್ಲ. ಅನ್ನವನ್ನರಸಿ ನಾವೇ ರೈಲು ಹತ್ತಿದೆವು. ಆದುದರಿಂದ ಆ ಇಪ್ಪತ್ತು ಸಾವಿರ ಮಂದಿಯ ದುಃಖಕ್ಕೆ ನಮ್ಮದನ್ನು ಹೋಲಿಸುವುದು ಸಲ್ಲದು. ಆದರೂ ಊರನ್ನು ಬಿಡುವಾಗ ಗೋಡೆಯನ್ನು ಹೊತ್ತು ತರಲಾಗದೆಂಬುದು ಅವರಿಗೂ ನಮಗೂ ಸಮಾನ.

ಕಲ್ಲನ್ನು ಹೊತ್ತು ತರಲಾಗದು, ಹೆಸರನ್ನು ತರಬಹುದು. ಓಬವ್ವನ ಹೆಸರನ್ನು ಕಾದುದು ಯಾವ ಗೋಡೆಯೂ ಅಲ್ಲ. ಅಜ್ಜಿಯು ಮೊಮ್ಮಗಳಿಗೆ ಹೇಳಿದಳು, ಮೊಮ್ಮಗಳು ತನ್ನ ಮೊಮ್ಮಗಳಿಗೆ ಹೇಳಿದಳು. ಹೀಗೆ ಎರಡು ಶತಮಾನ ಸಾಗಿತು. ನಡುವೆ ಯಾರಾದರೂ ಒಬ್ಬರು ಬೇಸತ್ತು ಸುಮ್ಮನಾಗಿದ್ದರೆ ಆ ಸಂದು ಇಂದು ಬರಿಯ ಸಂದಾಗಿರುತ್ತಿತ್ತು. ಇದೂ ಒಂದು ಕಾವಲೇ. ಈ ಕಾವಲಿಗೆ ಗೋಡೆ ಬೇಡ. ತಮಿಳು ಮಾತನಾಡುವ ಗೆಳೆಯರ ನಡುವೆ ಬೆಳೆಯುತ್ತ, ಅವರ ಊರಿನ ನೀರು ಕುಡಿಯುತ್ತ, ಅವರ ಮಾತನ್ನೂ ಚೆನ್ನಾಗಿ ಕಲಿಯುತ್ತ, ನಮ್ಮ ಮಾತನ್ನು ನಾವು ಆಡಿಕೊಂಡಿರಬಹುದು. ಗೋಡೆ ಬೇರೆ, ಕಾವಲು ಬೇರೆ. ದುರ್ಗದ ಚರಿತ್ರೆ ನನಗೆ ಕಲಿಸಿದ ಪಾಠವಿದು. ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರವೂ ಇದೇ.

ಕೊನೆಯದಾಗಿ, ಈ ಪಾಠವನ್ನು ಓದಿದವರು ರಜೆಯಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳನ್ನು ಹೇಳಿ ಮುಗಿಸುವೆನು. ಒಂದು: ಹಿರಿಯರೊಡನೆ ಮಾಡಿ ಪೂಂಗಾಕ್ಕೆ ಹೋಗಿ, ಉಳಿದಿರುವ ಗೋಡೆಯ ದಪ್ಪವನ್ನು ನಿಮ್ಮ ಹೆಜ್ಜೆಗಳಿಂದ ಅಳೆದು ಬನ್ನಿರಿ. ಎರಡು: ನಿಮ್ಮ ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಕೊಳವೆಯ ಜಾಡು ಹಿಡಿದು ಕಂಡುಹಿಡಿಯಿರಿ. ಮೂರು: ಚಿತ್ರದುರ್ಗದ ಹೊಂಡಗಳ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಕ್ರಮವಾಗಿ ಬರೆದು ನೀರು ಇಳಿಯುವ ದಾರಿಯನ್ನು ಗುರುತಿಸಿರಿ. ನಾಲ್ಕು: ನಿಮ್ಮ ಮನೆತನವು ಬಿಟ್ಟು ಬಂದ ಊರು ಯಾವುದು, ಅಲ್ಲಿಯ ಕೆರೆಯ ಹೆಸರೇನು, ಅಲ್ಲಿ ಜನರು ನೆನೆಯುವ ಒಬ್ಬ ಸಾಮಾನ್ಯರ ಕಥೆ ಯಾವುದು ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಿರಿ. ನಾಲ್ಕನೆಯ ಕೆಲಸವನ್ನು ಮುಂದಿನ ವರ್ಷಕ್ಕೆ ಬಿಡಬೇಡಿ. ಗೋಡೆಗಳು ಕಾಯುತ್ತವೆ, ಹೇಳುವವರು ಬಹಳ ಕಾಲ ಕಾಯಲಾರರು.